ಪಿತೃಪಕ್ಷದಲ್ಲಿ ಬಸ್ಸಿಳಿದವನು

ಪೋಸಾತ್ ಮಾರ್ಕೆಟ್ಟಿನಲ್ಲಿ ನನ್ನ ಜಾಗಕ್ಕೆ ಯಾರೂ ದಾರಿ ಕೇಳಿಕೊಂಡು ಬರುವುದಿಲ್ಲ, ಮೂಗಿದ್ದರೆ ಸಾಕು. ನಾನು ಪ್ರಹೊಕ್ ಮಾರುವವಳು. ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಜಾಡಿಯಲ್ಲಿ ಕೊಳೆಯಲು ಬಿಟ್ಟ ಆ ಬೂದು ಮುದ್ದೆ ಇಲ್ಲದಿದ್ದರೆ ನಮ್ಮಲ್ಲಿ ಯಾರ ಮನೆಯ ಸಾರೂ ಸಾರಲ್ಲ. ಊರು ನೋಡಲು ಬರುವ ವಿದೇಶದವರು ನನ್ನ ಮುಂದೆ ಹಾಯುವಾಗ ಉಸಿರು ಬಿಗಿಹಿಡಿದು, ನಗುವಿನಂಥದ್ದೇನನ್ನೋ ಮುಖದ ಮೇಲೆ ತಂದುಕೊಂಡು, ಒಂದು ಫೋಟೋ ತೆಗೆದು, ಕಿತ್ತಳೆ ಹಣ್ಣಿನವಳ ಹತ್ತಿರ ಹೋಗಿ ಉಸಿರು ಬಿಡುತ್ತಾರೆ. ನನಗೇನೂ ಬೇಸರವಿಲ್ಲ. ಅವರು ಹೇಗೂ ಕೊಳ್ಳುವವರಲ್ಲ.

ಆ ಮನುಷ್ಯ ಮಾತ್ರ ಉಸಿರು ಹಿಡಿಯಲಿಲ್ಲ. ನನ್ನ ಜಾಡಿಗಳ ಮುಂದೆ ನಿಂತು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡ. ಅವನು ನಮ್ಮವನು, ಬಹಳ ಕಾಲ ಊರು ಬಿಟ್ಟಿದ್ದವನು ಎಂದು ನನಗೆ ಅಷ್ಟರಲ್ಲೇ ಗೊತ್ತಾಯಿತು.

ಥಾಯ್ ಗಡಿಯ ಪೊಯ್‌ಪೆಟ್‌ನಿಂದ ಬರುವ ಬಸ್ಸು ಊಟಕ್ಕೆಂದು ನಮ್ಮ ಮಾರ್ಕೆಟ್ಟಿನ ಎದುರು ನಿಲ್ಲುತ್ತದೆ. ಅವನು ಅದರಿಂದಿಳಿದು ಒಳಗೆ ಬಂದಿದ್ದ. ಬಿಸಿಲಿಗೆ ಕರಕಲಾದ ಮೈ, ಕುತ್ತಿಗೆಗೆ ಬಣ್ಣ ಹೋದ ಚೌಕುಳಿ ವಸ್ತ್ರ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ತರಕಾರಿ ಸಾಲು ಸುತ್ತಿದ, ಮೀನಿನ ಸಾಲು ಸುತ್ತಿದ, ನನ್ನ ಜಾಡಿಗಳ ವಾಸನೆ ಕುಡಿದ. ಆಮೇಲೆ ಪಕ್ಕದ ಚಾಂಥು ಅಕ್ಕನ ಕಟ್ಟೆಯ ಮುಂದೆ ಬಂದವನು ಹಾವು ತುಳಿದವನ ಹಾಗೆ ನಿಂತುಬಿಟ್ಟ. ಹೊರಗೆ ಬಸ್ಸು ಹಾರನ್ ಹೊಡೆಯಿತು. ಮತ್ತೆ ಹೊಡೆಯಿತು. ಅವನು ಕದಲಲಿಲ್ಲ. ಬಸ್ಸು ಹೊರಟುಹೋಯಿತು.

ಚಾಂಥು ಅಕ್ಕ ಮಾರುವುದು ಅನ್ಸೊಂ ಕಡುಬು. ಅಂಟಕ್ಕಿಯೊಳಗೆ ಹೆಸರುಬೇಳೆ, ಹಂದಿಮಾಂಸ ಇಟ್ಟು, ತೋಳಿನ ಗಾತ್ರಕ್ಕೆ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ್ದು. ಬೇರೆ ದಿನ ಅವಳ ಮುಂದೆ ಒಂದು ಬುಟ್ಟಿ ಕಡುಬು ಇರುತ್ತದೆ. ಆಗ ಗುಡ್ಡವೇ ಇತ್ತು, ಏಕೆಂದರೆ ಅದು ಪ್ಚುಮ್ ಬೆನ್, ನಮ್ಮ ಪಿತೃಪಕ್ಷ. ಈ ಪಕ್ಷದಲ್ಲಿ ಯಮನು ಬಾಗಿಲು ತೆರೆದು ಪ್ರೇತಗಳನ್ನು ಹೊರಗೆ ಬಿಡುತ್ತಾನೆ. ಅವು ತಮ್ಮವರಿಟ್ಟ ಪಿಂಡ ಹುಡುಕಿಕೊಂಡು ಏಳು ವಿಹಾರ ಅಲೆಯುತ್ತವೆ. ಸಿಕ್ಕರೆ ತಿಂದು ಹರಸುತ್ತವೆ, ಸಿಗದಿದ್ದರೆ ಶಪಿಸುತ್ತವೆ. ಅಮಾವಾಸ್ಯೆ ಕಳೆದರೆ ಬಾಗಿಲು ಮುಚ್ಚಿತು, ಮತ್ತೆ ಒಂದು ವರ್ಷ ಉಪವಾಸ. ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಆದರೆ ನಾನು ಪಿಂಡ ಹಾಕದೆ ಬಿಟ್ಟ ವರ್ಷ ಒಂದೂ ಇಲ್ಲ.

ನನ್ನ ಕಟ್ಟೆಗೂ ಚಾಂಥು ಅಕ್ಕನ ಕಟ್ಟೆಗೂ ನಡುವೆ ಒಂದು ಹಲಗೆ ಅಡ್ಡ ಇದೆ. ನನ್ನ ವಾಸನೆ ತನ್ನ ಕಡುಬಿಗೆ ಹತ್ತದಿರಲಿ ಎಂದು ಅವಳೇ ಹಾಕಿಸಿದ್ದು. ವಾಸನೆ ಏನು ಹಲಗೆಯ ಅಪ್ಪಣೆ ಕೇಳಿ ಹೋಗುತ್ತದೆಯೇ? ನಾವಿಬ್ಬರೂ ಆ ಹಲಗೆಯ ಮೇಲಿಂದಲೇ ಜಗಳ ಆಡಿದ್ದೇವೆ, ಅದರ ಮೇಲಿಂದಲೇ ಊಟ ಹಂಚಿಕೊಂಡಿದ್ದೇವೆ. ಅವಳ ಮನೆಯ ಸಂಗತಿ ನನಗೆ ನನ್ನ ಮನೆಯದರಷ್ಟೇ ಗೊತ್ತು.

ಆ ಸಂಗತಿ ಇಷ್ಟೇ. ಅವಳ ಮಗ ವೇಸ್ನಾ, ಮೀಸೆ ಚಿಗುರುವ ವಯಸ್ಸಿನಲ್ಲಿ, ಒಬ್ಬ ದಲ್ಲಾಳಿಯ ಮಾತು ಕೇಳಿ ಥಾಯ್ ದೇಶದ ಮೀನಿನ ದೋಣಿಗೆ ಕೆಲಸಕ್ಕೆ ಹೋದ. ಆಮೇಲೆ ಸುದ್ದಿಯಿಲ್ಲ. ಸತ್ತ ಎಂದು ಯಾರೂ ಬಂದು ಹೇಳಲಿಲ್ಲ, ಇದ್ದಾನೆ ಎಂದೂ ಹೇಳಲಿಲ್ಲ. ಪಿಂಡವೇನೋ ಯಾರು ಬೇಕಾದರೂ ಹಾಕಬಹುದು, ಆದರೆ ಸತ್ತವನಿಗೆ ಅದು ಮುಟ್ಟಬೇಕಾದರೆ ಅವನ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಬದುಕಿರುವವನ ಹೆಸರನ್ನು ಸತ್ತವರ ಸಾಲಿನಲ್ಲಿ ಹೇಳಿದರೆ ಅವನ ಆಯಸ್ಸು ಅಲ್ಲಿಗೆ ಮುಗಿದಂತೆ. ಸತ್ತವನ ಹೆಸರನ್ನು ಹೇಳದೆ ಬಿಟ್ಟರೆ ಅವನು ಏಳು ವಿಹಾರ ಸುತ್ತಿ ಖಾಲಿ ಹೊಟ್ಟೆಯಲ್ಲಿ ಹಿಂತಿರುಗುತ್ತಾನೆ. ಊರಿನ ಸತ್ತವರಿಗೆಲ್ಲ ಕಡುಬು ಬೇಯಿಸಿ ಕೊಡುವ ಚಾಂಥು ಅಕ್ಕ, ಪ್ರತಿ ವರ್ಷ ಹೆಸರು ಹೇಳುವ ಹೊತ್ತಿಗೆ ಗಂಡನ ಹೆಸರು ಹೇಳಿ, ಅತ್ತೆ ಮಾವನ ಹೆಸರು ಹೇಳಿ, ಅಲ್ಲಿಗೆ ಬಾಯಿ ಮುಚ್ಚುತ್ತಿದ್ದಳು.

ಈ ವರ್ಷ ಅವಳ ಮಗಳು ಕುಂಥಿಯಾ ಬಿಡಲಿಲ್ಲ. ಅವಳ ಕೂಸಿಗೆ ಹಾಲು ಹತ್ತುತ್ತಿರಲಿಲ್ಲ, ಮೈ ಹಿಡಿಯುತ್ತಿರಲಿಲ್ಲ. ಆಸ್ಪತ್ರೆಯವರು ಟಾನಿಕ್ ಕೊಟ್ಟರು. ಮಂತ್ರ ಹಾಕುವವನು ಮಾತ್ರ, ಈ ಮನೆಗೆ ಸೇರಿದವನೊಬ್ಬ ಹಸಿದಿದ್ದಾನೆ ಎಂದ. ಅವತ್ತಿನಿಂದ ಮಗಳು ದಿನಾ ಕೂಸನ್ನು ಸೊಂಟಕ್ಕೇರಿಸಿಕೊಂಡು ಮಾರ್ಕೆಟ್ಟಿಗೆ ಬರತೊಡಗಿದಳು.

"ಅಮ್ಮಾ, ಈ ಸಲ ಅಣ್ಣನ ಹೆಸ್ರು ಹೇಳ್ಬಿಡು."

"ಯಾವಾಗ ಯಾರ ಹೆಸ್ರು ಹೇಳ್ಬೇಕು ಅಂತ ನಿನ್ನ ಹತ್ರ ಕಲೀಬೇಕಾ ನಾನು?"

"ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಂತ ಇನ್ನೂ ಎಷ್ಟು ವರ್ಷ ಕೂತಿರ್ತೀಯ?"

"ಅದು ಹಾವಲ್ಲ ಕಣೇ. ನನ್ನ ಮಗ."

"ಇದೂ ನಿನ್ನ ಮೊಮ್ಮಗೂನೇ!" ಎಂದು ಕುಂಥಿಯಾ ಕೂಸಿನ ತೋಳು ಎತ್ತಿ ತೋರಿಸಿದಳು. ತೋಳು ನಿಜಕ್ಕೂ ಸಣ್ಣಗಿತ್ತು. "ನೋಡು, ನಿನ್ನ ಕಡುಬಿಗೆ ಕಟ್ಟೋ ದಾರದ ಹಂಗಿದೆ. ಥಾವಿ ಚಿಕ್ಕಮ್ಮಾ, ನೀವಾದ್ರೂ ಹೇಳಿ."

ನಾನು ಹೇಳಲಿಲ್ಲ. ತಾಯಿ ಮಗಳ ನಡುವೆ ಬಾಯಿ ಹಾಕಿದವಳು ಇಬ್ಬರಿಗೂ ಬೇಡವಾಗುತ್ತಾಳೆ. ಚಾಂಥು ಅಕ್ಕ ಬಾಳೆಲೆ ಒರೆಸುತ್ತ ಕೊನೆಗೆ, "ಆಚಾರ್ ಬರ್ಲಿ. ಆ ಹೊತ್ತಿಗೆ ನೋಡಾಣ" ಎಂದಳು. ಆಚಾರ್ ಸೂನ್ ನಮ್ಮ ವಿಹಾರದ ಹಿರಿಯ. ಅಮಾವಾಸ್ಯೆಯ ದಿನ ವ್ಯಾಪಾರ ಬಿಟ್ಟು ವಿಹಾರಕ್ಕೆ ಬರಲಾಗದವರು ನಾವು ಎಂದು ಅವನಿಗೆ ಗೊತ್ತು. ಅದಕ್ಕೇ ಹಿಂದಿನ ದಿನ ತಾನೇ ಮಾರ್ಕೆಟ್ಟಿಗೆ ಬಂದು ಕಟ್ಟೆ ಕಟ್ಟೆಯ ಮುಂದೆ ನಿಂತು ಹೆಸರು ಹೇಳಿಸಿಕೊಂಡು ಹೋಗುತ್ತಾನೆ. ನೋಡಾಣ ಎಂಬ ಮಾತನ್ನು ಚಾಂಥು ಅಕ್ಕ ಅಷ್ಟು ವರ್ಷಗಳಲ್ಲಿ ಆಡಿದ್ದು ಅದೇ ಮೊದಲು. ಕುಂಥಿಯಾ ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಹೋದಳು.

ಹೀಗಿರುವಾಗ ಈ ಮನುಷ್ಯ ಬಂದಿಳಿದದ್ದು.

ಮೊದಲ ದಿನ ಬಸ್ಸು ತಪ್ಪಿಸಿಕೊಂಡ ಎಂದುಕೊಂಡೆವು. ಮಾರನೇ ದಿನವೂ ಇದ್ದ. ಅದರ ಮಾರನೇ ದಿನವೂ ಇದ್ದ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಗೆ ಬಂದು, ಚಾಂಥು ಅಕ್ಕನ ಹತ್ತಿರ ಒಂದೇ ಒಂದು ಕಡುಬು ಕೊಂಡು, ಮಾರ್ಕೆಟ್ಟಿನ ಬಾಗಿಲಲ್ಲಿರುವ ಕಾವಲು ದೇವರ ಗೂಡಿನ ಪಕ್ಕ ಹೋಗಿ ಕೂರುತ್ತಿದ್ದ. ಯಾರಿಗೂ ಬೆನ್ನು ಬಿಟ್ಟು ಬೇರೇನೂ ಕಾಣದ ಹಾಗೆ, ಗೋಡೆಯ ಕಡೆ ಮುಖ ಮಾಡಿ. ಆಮೇಲೆ ಸಂಜೆಯವರೆಗೆ ಸಾಲು ಸಾಲು ಸುತ್ತುವುದು. ಚಿನ್ನದಂಗಡಿಯ ಮುಂದೆ ನಿಲ್ಲುವುದು, ಟೇಲರ್ ಹೆಂಗಸರ ಮಿಶಿನ್ ನೋಡುವುದು, ಕೊತ್ತಂಬರಿ ಕಟ್ಟು ಎತ್ತಿ ಮೂಸಿ ಇಟ್ಟುಬಿಡುವುದು. ಊರು ನೋಡಲು ಬಂದವನು ಎನ್ನೋಣವೆಂದರೆ ಪೋಸಾತ್ ಮಾರ್ಕೆಟ್ಟಿನಲ್ಲಿ ಅಷ್ಟು ದಿನ ನೋಡುವಂಥದ್ದು ಏನಿದೆ?

ಮೀನು ಮಾರುವ ಯಾನ್ ಮೊದಲು ಹೇಳಿದವಳು. ಯಾನ್ ಬಾಯಿ ತೆರೆದರೆ ಅವಳ ಬಾನಿಯ ಮೀನುಗಳೂ ಕೇಳಿಸಿಕೊಳ್ಳುತ್ತವೆ.

"ಅಕ್ಕಾ, ಅದು ಮನುಷ್ಯ ಅಲ್ಲ."

"ಮತ್ತೇನು, ಬೂದುಗುಂಬಳಕಾಯಾ?" ಎಂದೆ.

"ನಗಬೇಡಿ. ಪಕ್ಷದಲ್ಲಿ ಬಂದಿದೆ. ಎಲ್ಲಿಂದ ಬಂತು ಯಾರಿಗೂ ಗೊತ್ತಿಲ್ಲ. ಯಾರ ಜೊತೇನೂ ಮಾತಾಡಲ್ಲ. ಪಿಂಡದ ಕಡುಬು ಬಿಟ್ಟು ಬೇರೆ ಏನೂ ಕೊಳ್ಳಲ್ಲ. ತಿನ್ನೋದನ್ನ ಯಾರಾದ್ರೂ ಕಣ್ಣಾರೆ ನೋಡಿದೀರಾ? ಗೋಡೆ ಕಡೆ ಮುಖ ಮಾಡ್ಕೊಂಡು ಅದೇನು ಮಾಡುತ್ತೋ!"

ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ನಮ್ಮವರು. ಮಧ್ಯಾಹ್ನದ ಹೊತ್ತಿಗೆ ಅವನಿಗೆ ನೆರಳಿಲ್ಲ ಎಂದಾಯಿತು. ಮಾರ್ಕೆಟ್ಟಿನ ತಗಡಿನ ಕೆಳಗೆ ಯಾರಿಗೆ ತಾನೇ ನೆರಳಿದೆ? ಸಂಜೆಗೆ ಅವನ ಹಿಮ್ಮಡಿ ನೆಲ ಮುಟ್ಟುವುದಿಲ್ಲ ಎಂದಾಯಿತು. ಹಿಮ್ಮಡಿ ಒಡೆದಿತ್ತು, ನಾನೇ ನೋಡಿದ್ದೆ. ಅವನು ಹತ್ತಿರ ಬಂದರೆ ಕಿತ್ತಳೆಯವಳು ಹಣ್ಣು ಮುಚ್ಚಿಡತೊಡಗಿದಳು. ಚಿನ್ನದಂಗಡಿಯವನು ಬಾಗಿಲಿಗೆ ಊದುಕಡ್ಡಿ ಸಿಕ್ಕಿಸಿದ.

ಚಾಂಥು ಅಕ್ಕ ಒಬ್ಬಳು ಅದನ್ನು ಒಪ್ಪಲಿಲ್ಲ. ದಿನದ ಮೊದಲ ಗಿರಾಕಿ ಅವನೇ. ಅವನು ಕೊಟ್ಟ ನೋಟನ್ನು ಕಡುಬಿನ ಗುಡ್ಡದ ಮೇಲೆಲ್ಲ ತಟ್ಟಿ ಬೋಣಿ ಮಾಡಿಕೊಂಡರೆ, ಮಧ್ಯಾಹ್ನದೊಳಗೆ ಬುಟ್ಟಿ ಬರಿದಾಗುತ್ತಿತ್ತು. "ಪ್ರೇತದ ಕೈಗುಣಕ್ಕೆ ಇಷ್ಟು ವ್ಯಾಪಾರ ಆಗುತ್ತೇನೇ?" ಎಂದು ಅವಳು ಯಾನ್‌ಗೆ ಕೇಳಿದಳು. ಪಕ್ಷದಲ್ಲಿ ಅವಳ ವ್ಯಾಪಾರ ಯಾವಾಗಲೂ ಹಾಗೇ ನಡೆಯುತ್ತದೆ. ಆದರೂ ನಾನು ಸುಮ್ಮನಿದ್ದೆ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಯಾನ್ ತಡೆಯಲಾರದೆ ಹೋದಳು. ಆವತ್ತು ಆಚಾರ್ ಸೂನ್ ಬರುವ ದಿನ. ಸತ್ತವರ ಹೆಸರು ಹೇಳುವ ಜಾಗದಲ್ಲಿ ಇಂಥದ್ದೊಂದು ಓಡಾಡಿಕೊಂಡಿದ್ದರೆ ಯಾರ ಪಾಲನ್ನು ಯಾರು ತಿನ್ನುತ್ತಾರೋ ಎಂದು ಅವಳಿಗೆ ಭಯ. ಪರೀಕ್ಷೆ ಮಾಡಬೇಕು ಎಂದು ಎಲ್ಲರೂ ಹೇಳಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಪ್ರಹೊಕ್ ಜಾಡಿಯಲ್ಲಿ ಕೈ ಅದ್ದುವವಳಿಗೆ ಪ್ರೇತದ ಹೇಸಿಗೆ ಏನು ಎಂಬುದು ಅವರ ಲೆಕ್ಕಾಚಾರ.

ಪರೀಕ್ಷೆ ಸುಲಭದ್ದು. ಪ್ರೇತಕ್ಕೆ ಹೊಟ್ಟೆ ಬಾನಿಯಷ್ಟಿದ್ದರೂ ಬಾಯಿ ಸೂಜಿಯ ಕಣ್ಣಿನಷ್ಟು. ಅನ್ನದ ಅಗುಳು ಹೋಗಬಹುದು, ಕಡುಬು ಹೋಗುವುದಿಲ್ಲ. ಅವನು ಕಡುಬು ಕೊಳ್ಳಲು ಬಂದಾಗ ನಾನು ಹಲಗೆಯ ಮೇಲಿಂದ ಬಗ್ಗಿ ಕರೆದೆ.

"ಏ ತಮ್ಮಾ, ಬಾ ಇಲ್ಲಿ. ಇಲ್ಲೇ ಕೂತ್ಕೊಂಡು ತಿನ್ನು. ದಿನಾ ಗೋಡೆ ಜೊತೆ ಏನು ಊಟ?"

ಅವನು ಹಿಂದೆ ಮುಂದೆ ನೋಡಿ ಕಟ್ಟೆಯ ಅಂಚಿಗೆ ಕೂತ. ಬಾಳೆಲೆ ಬಿಚ್ಚಿದ. ಯಾನ್ ಮೀನಿನ ಕತ್ತಿ ಹಿಡಿದೇ ಬಂದು ನಿಂತಳು. ಕಿತ್ತಳೆಯವಳು ಬಂದಳು, ಟೇಲರ್ ಹೆಂಗಸರು ಬಂದರು. ಅವನು ಮೊದಲ ತುತ್ತಿಗೇ ಅರ್ಧ ಕಡುಬು ಬಾಯಿಗೆ ತುಂಬಿಕೊಂಡ. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು, ನುಂಗಿದ. ಉಳಿದರ್ಧವೂ ಹೋಯಿತು. ಬಾಳೆಲೆಗೆ ಅಂಟಿದ ಅಕ್ಕಿಯನ್ನು ಉಗುರಿನಿಂದ ಕೆರೆದು ತಿಂದ.

"ಇನ್ನೊಂದು ಕೊಡ್ಲಾ?" ಎಂದಳು ಚಾಂಥು ಅಕ್ಕ.

"ದುಡ್ಡು ಬಸ್ಸಿಗೆ ಇಟ್ಕೊಂಡಿದೀನಮ್ಮಾ."

"ದುಡ್ಡು ಯಾರು ಕೇಳಿದ್ರು?"

ಅವನು ಇನ್ನೊಂದನ್ನೂ ಹಾಗೇ ಮುಗಿಸಿದ. ಯಾನ್ ಕತ್ತಿ ಕೆಳಗಿಳಿಸಿ, "ಇದು ಪ್ರೇತ ಅಲ್ಲ ಬಿಡಿ, ರಾಕ್ಷಸ" ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕಾಗ ಮುಂದಿನ ಹಲ್ಲು ಇಲ್ಲದ್ದು ಕಾಣಿಸಿತು.

"ಅದಕ್ಕೇ ಗೋಡೆ ಕಡೆ ತಿರುಗ್ತಿದ್ದೆ ಅಕ್ಕಾ. ತಿನ್ನೋದು ನೋಡಿದ್ರೆ ಜನ ಹೆದರ್ತಾರೆ. ದೋಣೀಲಿ ಹಿಂಗೇ ತಿನ್ಬೇಕು, ಇಲ್ದಿದ್ರೆ ಪಕ್ಕದೋನು ಕಿತ್ಕೋತಾನೆ."

ದೋಣಿ ಎಂಬ ಮಾತು ಬಂದದ್ದೇ ಚಾಂಥು ಅಕ್ಕನ ಕೈ ನಿಂತಿತು. ಅವಳು ಏನೂ ಕೇಳಲಿಲ್ಲ. ಕೇಳಿದವಳು ಯಾನ್. ಅವನು ಮುಚ್ಚುಮರೆ ಇಲ್ಲದೆ ಹೇಳಿದ. ಹೆಸರು ಫಿರುಮ್. ಊರು ಪ್ರೇವೆಂಗ್ ಕಡೆ. ಥಾಯ್ ದೋಣಿಗೆ ಹೋದವನನ್ನು ನೆಲ ಮುಟ್ಟಲು ಬಿಡದೆ ದೋಣಿಯಿಂದ ದೋಣಿಗೆ ಮಾರಿದ್ದರು. ಕೊನೆಗೆ ಯಾವುದೋ ದ್ವೀಪದಲ್ಲಿ ತಪ್ಪಿಸಿಕೊಂಡು, ಜೈಲಿನಲ್ಲಿದ್ದು, ಗಡಿ ದಾಟಿ ಬಸ್ಸು ಹತ್ತಿದ್ದ. ಬೇರೆಯವರ ಕತೆ ಹೇಳುವ ಹಾಗೆ ಹೇಳಿದ.

"ಅಲ್ವೋ, ಇಷ್ಟು ವರ್ಷ ಆದ್ಮೇಲೆ ಊರಿಗೆ ಹೊರಟೋನು ಇಲ್ಲಿ ಇಳಿದು ಏನು ಮಾಡ್ತಿದೀಯ?" ಎಂದೆ.

"ಬಸ್ಸಿಳಿದಾಗ ಈ ಅಮ್ಮನ ಕಡುಬಿನ ರಾಶಿ ನೋಡ್ದೆ. ಅಲ್ಲೀವರ್ಗೂ ಇದು ಪಿತೃಪಕ್ಷ ಅಂತ ನಂಗೆ ಗೊತ್ತಿರ್ಲಿಲ್ಲ. ಜೈಲಲ್ಲಿ ತಿಥಿ ಯಾರು ಹೇಳ್ತಾರೆ? ನೀವೇ ಹೇಳಿ ಅಕ್ಕಾ. ಸತ್ತಿದಾನೆ ಅಂತ ತಿಳ್ಕೊಂಡಿರೋ ಮಗ, ಪಕ್ಷದಲ್ಲಿ, ಹಿಂಗೆ ಒಣಗ್ಕೊಂಡು ಬಾಗ್ಲಲ್ಲಿ ನಿಂತ್ರೆ ನಮ್ಮಮ್ಮ ಏನಂದ್ಕೋತಾಳೆ? ಎದೆ ಒಡ್ಕೊಂಡು ಅಲ್ಲೇ ಬೀಳ್ತಾಳೆ. ಅಮಾವಾಸ್ಯೆ ಕಳೀಲಿ, ಯಮ ಬಾಗ್ಲು ಮುಚ್ಲಿ. ಆಮೇಲೆ ಹೋದ್ರೆ ಮನುಷ್ಯ ಅಂತ ನಂಬ್ತಾಳೆ."

"ಫೋನ್ ಮಾಡೋದಲ್ವಾ?"

"ನಾನು ಹೋಗೋವಾಗ ಮನೇಲಿ ಫೋನೇ ಇರ್ಲಿಲ್ಲ. ಈಗ ಇದ್ರೂ ನಂಬರ್ ನಂಗೇನು ಗೊತ್ತು?"

ಈ ಸಲ ಯಾರೂ ನಗಲಿಲ್ಲ. ಅವನು ಹೇಳಿದ್ದು ನಮಗೆಲ್ಲ ಸರಿಯಾಗೇ ಕಂಡಿತು. ಬೇರೆ ದೇಶದವರಿಗೆ ಇದು ಹುಚ್ಚು ಎನಿಸಬಹುದು. ಆದರೆ ಅವನಿಗೆ ನಾಲ್ಕು ದಿನದಿಂದ ನಾವೇ ಏನು ಮಾಡಿದ್ದೆವು? ಊದುಕಡ್ಡಿ ಹಚ್ಚಿ, ಹಣ್ಣು ಮುಚ್ಚಿಟ್ಟು, ಕತ್ತಿ ಹಿಡಿದು ನಿಂತಿದ್ದೆವು. "ಬುದ್ಧಿವಂತ ಕಣಪ್ಪಾ ನೀನು. ಇನ್ನೊಂದೆರಡು ದಿನ ತಾನೇ, ಇಲ್ಲೇ ಇರು, ಸಾರು ನಾನು ಕೊಡ್ತೀನಿ" ಎಂದಳು ಯಾನ್.

ಚಾಂಥು ಅಕ್ಕ ಕೈಯಲ್ಲಿದ್ದ ಬಾಳೆಲೆಯನ್ನು ಕಟ್ಟೆಗೆ ಬಡಿದಳು.

"ಬುದ್ಧಿವಂತ! ಇಂಥ ಬುದ್ಧಿ ನಾಯಿಗೂ ಬೇಡ. ಏಳೋ ಮೇಲೆ!"

ಅವನು ಎದ್ದು ನಿಂತ. ನನಗೂ ಗಾಬರಿಯಾಯಿತು. ಅವಳು ದನಿ ಎತ್ತಿದ್ದು ನಾನು ಕೇಳಿದ್ದೇ ಕಡಿಮೆ.

"ನಾಳೆ ಏನು ದಿನ? ನಾಳೆ ನಿಮ್ಮಮ್ಮ ವಿಹಾರಕ್ಕೆ ಹೋಗ್ತಾಳೆ. ನಿನ್ನ ಹೆಸ್ರು ಹೇಳ್ತಾಳೆ."

"ಹೇಳ್ಲಿ ಬಿಡಮ್ಮಾ. ಇಷ್ಟು ವರ್ಷಾನೂ ಹೇಳಿರ್ಬಹುದು."

"ಹೇಳಿರದೇ ಇದ್ರೆ? ಇಷ್ಟು ವರ್ಷ ಎಲ್ರ ಕೈಲೂ ಅನ್ನಿಸ್ಕೊಂಡು, ಮಕ್ಳು ಬೈದ್ರೂ, ಮೊಮ್ಮಕ್ಳು ಸೊರಗಿದ್ರೂ, ಹಲ್ಲು ಕಚ್ಕೊಂಡು ಹೇಳದೇ ಕೂತಿದ್ರೆ? ಈ ವರ್ಷ ಸಾಕಾಯ್ತು, ನಾಳೆ ಹೇಳೇಬಿಡ್ತೀನಿ ಅಂತ ಮನಸ್ಸು ಮಾಡಿದ್ರೆ? ಒಬ್ಳು ಹೆಂಗಸಿನ ಕೈಲಿ ಎಷ್ಟು ವರ್ಷ ಆಗುತ್ತೋ ಅದು? ನೀನು ಇಲ್ಲಿ ಕಡುಬು ತಿನ್ಕೊಂಡು ಕೊತ್ತಂಬರಿ ಮೂಸ್ಕೊಂಡು ಇರ್ತೀಯ, ಅಲ್ಲಿ ಅವಳು ತನ್ನ ಬಾಯಾರ ನಿನ್ನ ಸಾಯಿಸ್ತಾಳೆ. ಆಮೇಲೆ ನೀನು ಹೋಗಿ ನಿಂತ್ರೆ ಆ ಮಾತನ್ನ ಅವಳು ಹೆಂಗೆ ವಾಪಸ್ ತಗೋತಾಳೆ?"

ಯಾನ್ ನೆಲ ನೋಡುತ್ತಿದ್ದಳು. ಕಿತ್ತಳೆಯವಳು ಮೆಲ್ಲಗೆ ತನ್ನ ಜಾಗಕ್ಕೆ ಹೋದಳು. ಚಾಂಥು ಅಕ್ಕ ಯಾರ ವಿಷಯ ಹೇಳುತ್ತಿದ್ದಾಳೆಂದು ಆ ಹುಡುಗನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಅವಳು ಹೆದರ್ಕೊಂಡ್ರೆ ಏನು ಮಾಡ್ಲಮ್ಮಾ?" ಎಂದ ಅವನು, ಬಹಳ ಮೆತ್ತಗೆ.

"ತಿನ್ಕೊಂಡು ಹೋಗು" ಎಂದೆ ನಾನು. ನನ್ನ ಬಾಯಿಂದ ಅದು ತಾನಾಗಿ ಬಂತು. "ಹಗಲಲ್ಲೇ ಹೋಗು. ಊರ ಬಾಗ್ಲಲ್ಲಿ ಒಂದು ಕಡುಬು ಬಿಚ್ಚು. ಈಗ ತಿಂದ್ಯಲ್ಲ, ಹಂಗೇ ಬಾಯಿ ತುಂಬ ತುಂಬ್ಕೊಂಡು, ಅಗೀತಾ ಅಂಗಳಕ್ಕೆ ನುಗ್ಗು. ಅದನ್ನ ನೋಡಿದ್ಮೇಲೆ ನಿನ್ನ ಪ್ರೇತ ಅನ್ನೋಳು ಈ ದೇಶದಲ್ಲಿ ಯಾರೂ ಹುಟ್ಟಿಲ್ಲ."

ಆಗ ಎಲ್ಲರಿಗೂ ಮತ್ತೆ ನಗು ಬಂತು. ಮಧ್ಯಾಹ್ನ ಬಸ್ಸು ಬರುವ ಹೊತ್ತಿನವರೆಗೆ ಅವನು ಅಲ್ಲೇ ಇದ್ದ. ಚಾಂಥು ಅಕ್ಕ ಹೊಸ ಚೀಲ ತೆಗೆದು ಕಡುಬು ತುಂಬತೊಡಗಿದಳು. ಇದು ನಿಂಗೆ, ಇದು ನಿಮ್ಮಮ್ಮಂಗೆ, ಇದು ದಾರಿಗೆ. ತುಂಬುತ್ತಲೇ, ತಲೆ ಎತ್ತದೆ, ಕೇಳಿದಳು.

"ದೋಣೀಲಿ ಪೋಸಾತ್ ಕಡೆಯೋರು ಯಾರಾದ್ರೂ ಇದ್ರಾ?"

"ಇದ್ರೂ ಇರ್ಬಹುದಮ್ಮಾ. ಊರಿನ ಮಾತು ಜಾಸ್ತಿ ಯಾರೂ ಆಡ್ತಿರ್ಲಿಲ್ಲ."

"ವೇಸ್ನಾ ಅಂತ?"

ಅವನು ಯೋಚಿಸಿದ. ವೇಸ್ನಾ ಎಂಬ ಹೆಸರು ನಮ್ಮಲ್ಲಿ ಓಣಿಗೊಂದಿದೆ. ಇಲ್ಲ ಎಂದುಬಿಡಲಿ ದೇವರೇ ಎಂದು ನಾನು ಅಂದುಕೊಂಡೆ.

"ಒಬ್ಬ ವೇಸ್ನಾ ಇದ್ದ. ನಾನು ಎರಡನೇ ದೋಣೀಲಿದ್ದಾಗ. ಜ್ವರ ಬಂತು. ಔಷಧಿ ಏನಿರುತ್ತೆ ಅಲ್ಲಿ? ಹೋಗ್ಬಿಟ್ಟ. ನಾವೇ ನೀರಿಗೆ ಬಿಟ್ವಿ."

"ಎಡಗಿವಿ ತುದಿ ಹರಿದಿತ್ತಾ? ಚಿಕ್ಕೋನಾಗಿದ್ದಾಗ ನಾಯಿ ಕಚ್ಚಿ?"

"ಗೊತ್ತಿಲ್ಲಮ್ಮಾ. ಬಿಸ್ಲಿಗೆ ಎಲ್ರೂ ತಲೆಗೆ ಬಟ್ಟೆ ಸುತ್ಕೊಂಡೇ ಇರ್ತಿದ್ವಿ. ಮಲಗೋವಾಗ್ಲೂ ಬಿಚ್ತಿರ್ಲಿಲ್ಲ. ಪೋಸಾತ್ ಅಲ್ಲ, ತಾಕಿಯೋ ಕಡೆಯೋನು ಅಂತ ಒಬ್ಬ ಹೇಳ್ದ. ಅದೂ ಸರಿಯಾಗಿ ನೆನಪಿಲ್ಲ."

"ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡ್ಬೇಡ."

"ಅಮ್ಮಾ, ಏನಾದ್ರೂ ಒಂದು ಹೇಳು ಅಂದ್ರೆ ಹೇಳ್ತೀನಿ. ಆದ್ರೆ ನಂಗೆ ಗೊತ್ತಿಲ್ಲ."

ಚಾಂಥು ಅಕ್ಕ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚೀಲದ ಬಾಯಿ ಕಟ್ಟಿ ಅವನ ಕೈಗೆ ಕೊಟ್ಟು, "ಬೇಡ. ಸುಳ್ಳು ಹೇಳ್ಬೇಡ. ಹೋಗು, ಬಸ್ ಬಂತು" ಎಂದಳು. ಅವನು ಎರಡೂ ಕೈ ಹಣೆಗೆ ಮುಟ್ಟಿಸಿ ಅವಳಿಗೆ ನಮಸ್ಕರಿಸಿದ, ಹೆತ್ತವರಿಗೆ ಮಾಡುವ ಹಾಗೆ. ಯಾನ್ ಅವನನ್ನು ಬಸ್ಸಿನವರೆಗೆ ಬಿಟ್ಟು ಬಂದಳು. ಕಂಡಕ್ಟರನಿಗೆ, ಇವನನ್ನು ಮಧ್ಯ ಎಲ್ಲೂ ಇಳಿಸಬೇಡ, ಇಳಿದರೆ ಹತ್ತುವುದಿಲ್ಲ ಎಂದು ತಾಕೀತು ಮಾಡಿದಳಂತೆ.

ಬಸ್ಸು ಹೋದ ಮೇಲೆ ಚಾಂಥು ಅಕ್ಕ ಗಿರಾಕಿಗಳನ್ನು ನೋಡಿಕೊಂಡಳು. ಚಿಲ್ಲರೆ ಕೊಡುವಾಗ ಎರಡು ಸಲ ತಪ್ಪಿದಳು. ನಾನು ಹಲಗೆಯ ಮೇಲಿಂದ ಒಂದು ಲೋಟ ಕಬ್ಬಿನ ಹಾಲು ಇಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಏನಾದರೂ ಹೇಳಬೇಕೆಂದು ನನಗೆ ಬಹಳ ಅನಿಸಿತು. ಅವಳ ಮಗ ಬದುಕಿದ್ದಾನೆ ಎಂದು ಹೇಳಲು ನನಗೆ ಧೈರ್ಯವಿರಲಿಲ್ಲ, ಸತ್ತಿದ್ದಾನೆ ಎನ್ನಲು ಮನಸ್ಸಿರಲಿಲ್ಲ. ಇಂಥ ಹೊತ್ತಿನಲ್ಲಿ ಪಕ್ಕದ ಅಂಗಡಿಯವಳು ಇದ್ದೂ ಏನು ಪ್ರಯೋಜನ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಸ್ವಲ್ಪ ಹೊತ್ತಿಗೆ ಕುಂಥಿಯಾ ಕೂಸನ್ನು ಎತ್ತಿಕೊಂಡು ಬಂದಳು. ನಡೆದದ್ದನ್ನು ಯಾನ್ ಬಾಗಿಲಲ್ಲೇ ಅವಳಿಗೆ ಹೇಳಿರಬೇಕು, ಬರುವಾಗಲೇ ಅವಳ ಕಣ್ಣು ಕೆಂಪಾಗಿತ್ತು. ತಾಯಿಯ ಪಕ್ಕ ಕೂತಳು. ಅವಳ ಹಿಂದೆಯೇ ಆಚಾರ್ ಸೂನ್ ಬಂದ. ಬಿಳಿ ಅಂಗಿ, ಬೋಳುತಲೆ, ಕೈಯಲ್ಲಿ ಅಕ್ಕಿ ತುಂಬಿದ ಬೋಗುಣಿ. ಕಟ್ಟೆಯವಳು ಒಂದು ಊದುಕಡ್ಡಿ ಹಚ್ಚಿ, ಸತ್ತವರ ಹೆಸರು ಹೇಳಿ, ಅವರು ನೆಂಟಸ್ತಿಕೆಯಲ್ಲಿ ತನಗೆ ಏನಾಗಬೇಕು ಎಂದು ಹೇಳಿ, ಕಡ್ಡಿಯನ್ನು ಅಕ್ಕಿಗೆ ಚುಚ್ಚಬೇಕು. ಅವನು ಅದನ್ನು ಗಟ್ಟಿಯಾಗಿ ತಿರುಗಿ ಹೇಳುತ್ತಾನೆ. ಯಾರಿಗೆ, ಯಾರು ಕೊಟ್ಟದ್ದು ಎಂದು ಅವರ ಕಿವಿಗೆ ಬೀಳಬೇಕಲ್ಲ.

ಮೊದಲು ನನ್ನ ಹತ್ತಿರ ಬಂದ. ಅಪ್ಪನ ಹೆಸರು ಹೇಳಿದೆ, ಅಮ್ಮನದು ಹೇಳಿದೆ. ಗಂಡನ ಹೆಸರು ಹೇಳುವಾಗ ಕುಡುಕ ಎಂದು ಸೇರಿಸುವ ಆಸೆ ಪ್ರತಿ ವರ್ಷ ಆಗುತ್ತದೆ, ಈ ವರ್ಷವೂ ತಡೆದುಕೊಂಡೆ. "ಸೊಖುನ್. ಹೆಂಡತಿ ಥಾವಿ ಕೊಟ್ಟದ್ದು" ಎಂದು ಆಚಾರ್ ಕೂಗಿ ಹೇಳಿ ಹಲಗೆ ದಾಟಿದ.

ಚಾಂಥು ಅಕ್ಕ ಒಂದೊಂದೇ ಕಡ್ಡಿ ಹಚ್ಚಿದಳು. ಗಂಡ. ಮಾವ. ಅತ್ತೆ. ಆಚಾರ್ ಒಂದೊಂದನ್ನೂ ತಿರುಗಿ ಹೇಳಿದ. ಪ್ರತಿ ವರ್ಷ ಇಲ್ಲಿಗೆ ಮುಗಿಯುತ್ತದೆ ಎಂದು ಅವನಿಗೆ ಗೊತ್ತು, ಬೋಗುಣಿ ಎತ್ತಿಕೊಳ್ಳಲು ಬಗ್ಗಿದ. ಚಾಂಥು ಅಕ್ಕ ಇನ್ನೊಂದು ಕಡ್ಡಿ ತೆಗೆದಳು. ಬೆಂಕಿಕಡ್ಡಿ ಎರಡು ಸಲ ಆರಿತು. ಕುಂಥಿಯಾ ಕೂಸನ್ನು ಎದೆಗೆ ಒತ್ತಿಕೊಂಡಳು.

"ವೇಸ್ನಾ" ಎಂದಳು ಚಾಂಥು ಅಕ್ಕ.

ಯಾನ್ ಮೀನು ಬಡಿಯುವುದನ್ನು ನಿಲ್ಲಿಸಿದಳು. ಬಗ್ಗಿದ್ದ ಆಚಾರ್ ಸೂನ್ ಬೋಗುಣಿ ಬಿಟ್ಟು ನೆಟ್ಟಗಾದ. ಅವಳ ಮಗ ವೇಸ್ನಾಗೆ ಅಕ್ಷರ ಕಲಿಸಿದವನೇ ಅವನು. ಆದರೂ ಕ್ರಮ ಬಿಡುವಂತಿಲ್ಲ.

"ನಿಂಗೆ ಏನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ."

"ಚಾಂಥು..."

"ನಂಗೆ ಅವನು ಏನೂ ಅಲ್ಲ ಆಚಾರ್. ಯಾರೋ ಒಬ್ಬ ವೇಸ್ನಾ. ದೋಣೀಲಿ ಜ್ವರ ಬಂದು ಹೋದ್ನಂತೆ, ನೀರಿಗೆ ಬಿಟ್ರಂತೆ. ತಾಕಿಯೋ ಕಡೆಯೋನು ಅಂತಾರೆ. ಅವನ ತಾಯಿಗೆ ಇನ್ನೂ ಗೊತ್ತಿಲ್ಲ, ಪಾಪ. ಬಾಯಿ ಮುಚ್ಕೊಂಡು ಕಾಯ್ತಿರ್ತಾಳೆ. ಅವಳು ಹೇಳೋ ಹಂಗಿಲ್ಲ, ಅವನು ಹಸಿದಿರ್ತಾನೆ. ಅದಕ್ಕೆ ಅವಳ ಬದ್ಲು ನಾನು ಹಾಕ್ತಿದೀನಿ."

"ಹಂಗೆ ಹೇಳಿದ್ರೆ ಆಗಲ್ಲಮ್ಮಾ. ಊರು ಗಟ್ಟಿ ಇಲ್ಲ, ನೆಂಟಸ್ತಿಕೆ ಇಲ್ಲ. ಯಾವ ವೇಸ್ನಾಗೆ ಅಂತ ಹೋಗ್ಬೇಕು ಅದು?"

"ಯಾವನು ಹಸಿದಿದಾನೋ ಅವನಿಗೆ ಹೋಗ್ಲಿ."

ಅವಳು ಕಡ್ಡಿಯನ್ನು ಅಕ್ಕಿಗೆ ಚುಚ್ಚಿದಳು. ಕುಂಥಿಯಾ ಏನೋ ಹೇಳಲು ಬಾಯಿ ತೆರೆದಳು. ನಾನು ಹಲಗೆಯ ಮೇಲಿಂದ ಕೈ ಚಾಚಿ ಅವಳ ತೋಳು ಹಿಡಿದೆ. 

ಆಚಾರ್ ಸೂನ್ ಬೋಗುಣಿಯನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡ. ಮಾರ್ಕೆಟ್ಟಿನ ಎಲ್ಲ ಸಾಲುಗಳಿಗೂ ಕೇಳುವ ಹಾಗೆ ಕೂಗಿ ಹೇಳಿದ.

"ವೇಸ್ನಾ. ತಾಯಿ ಕೊಟ್ಟದ್ದು."

ಚಾಂಥು ಅಕ್ಕ ತಿದ್ದಲಿಲ್ಲ.